ಕ್ಯಾರಲ್ ದುಡ್ಡು, ಕೊಟ್ಟ ಮಾತು, ಶಿಬಿರ ಮುಗಿದ ಮೇಲಿನ ತರಬೇತಿ

ಕುಮಟಾ–ಹೊನ್ನಾವರ ನಡುವಿನ ಒಂದು ಚರ್ಚಿನ ಯುವ ಸಂಘದಲ್ಲಿ 2024ರ ಕ್ರಿಸ್ಮಸ್ ಕ್ಯಾರಲ್‌ಗೆ, ಅಂದರೆ ಮನೆಮನೆಗೆ ಹೋಗಿ ಹಾಡುವಾಗ, ಕೂಡಿದ ಹಣದಲ್ಲಿ 11,400 ರೂಪಾಯಿ ಕಡಿಮೆ ಬಿತ್ತು. ತೆಗೆದವನು ಸಂಘದ ಹುಡುಗನೇ; ದ್ವಿತೀಯ ಪಿಯುಸಿ ಓದುತ್ತಿದ್ದ, ವಯಸ್ಸು 17. ಮೊಬೈಲಿನಲ್ಲಿ ಬೆಟ್ಟಿಂಗ್ ಆಡಿ ಕಳೆದಿದ್ದ. ಇದು ಮೊದಲು ಗೊತ್ತಾದದ್ದು ಸಂಘದ ಆನಿಮೇಟರ್‌ಗೆ. ಯುವ ಸಂಘ ನಡೆಸುವ ಸಂಚಾಲಕರನ್ನು ನಮ್ಮಲ್ಲಿ ಎಲ್ಲರೂ ಕರೆಯುವುದು ಹಾಗೇ. ಆಕೆ ಅದೇ ವರ್ಷದ ಮೇ ತಿಂಗಳಲ್ಲಿ ಮೂರು ದಿನದ ನಾಯಕತ್ವ ಶಿಬಿರ ಮುಗಿಸಿ ಸರ್ಟಿಫಿಕೇಟ್ ತಂದವಳು. ಆ ಶಿಬಿರದಲ್ಲಿ ತರಗತಿ ತೆಗೆದುಕೊಂಡವರಲ್ಲಿ ನಾನೂ ಒಬ್ಬ.

ಹಣದ ಮಟ್ಟಿಗೆ ಸಣ್ಣ ಪ್ರಕರಣ. ಶಿಬಿರದಲ್ಲಿ ಮನಸ್ಸಿಟ್ಟು ಕಲಿತು, ಊರಿಗೆ ಬಂದು ಏಳು ತಿಂಗಳು ಚೆನ್ನಾಗಿಯೇ ಕೆಲಸ ಮಾಡಿದ ಹುಡುಗಿ ಎಂಟನೇ ತಿಂಗಳಲ್ಲಿ ಯಾರನ್ನು ಕೇಳಬೇಕೆಂದು ತಿಳಿಯದೆ ನಿಂತಳಲ್ಲ, ಅದಕ್ಕಾಗಿ ಬರೆಯುತ್ತಿದ್ದೇನೆ. ಊರು, ಹೆಸರು ಬಿಟ್ಟಿದ್ದೇನೆ. ಗುರುತು ಹತ್ತಬಾರದೆಂದು ಒಂದೆರಡು ವಿವರ ಆಚೀಚೆ ಮಾಡಿದ್ದೇನೆ.

ಹಿನ್ನೆಲೆ

ನಮ್ಮ ಚರ್ಚುಗಳೆಲ್ಲ ಸೇರಿರುವ, ಒಬ್ಬ ಬಿಷಪ್ಪರ ಕೈಕೆಳಗಿನ ಕಾರವಾರ ಧರ್ಮಪ್ರಾಂತ್ಯ 1976ರಲ್ಲಿ ಬೆಳಗಾವಿಯಿಂದ ಬೇರೆಯಾಯಿತು. ಇಡೀ ಉತ್ತರ ಕನ್ನಡ ಜಿಲ್ಲೆ ಅದರೊಳಗೆ ಬರುತ್ತದೆ. ಕಾಗದದ ಮೇಲೆ ಒಂದು ಜಿಲ್ಲೆ ಅಷ್ಟೇ, ಓಡಾಡುವವರಿಗೆ ಮಾತ್ರ ಎರಡು ಸೀಮೆ. ಘಟ್ಟದ ಕೆಳಗೆ ಕಾರವಾರದಿಂದ ಭಟ್ಕಳದವರೆಗೆ ಕಡಲು, ಬಂದರು, ಹೆದ್ದಾರಿ 66, ಕೊಂಕಣಿ ಪೂಜೆ. ಘಟ್ಟದ ಮೇಲೆ ಶಿರಸಿ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ದಾಂಡೇಲಿ. ಅಲ್ಲಿ ಕನ್ನಡ, ಮರಾಠಿ, ಕಾಡಂಚಿನ ಸಿದ್ದಿ ಕುಟುಂಬಗಳ ಕೊಂಕಣಿ ಎಲ್ಲ ಬೆರೆತಿವೆ. ಎರಡೂ ಕಡೆಯ ಯುವಜನರನ್ನು ಒಂದೇ ಶಿಬಿರಕ್ಕೆ ಕರೆದರೆ ಅರ್ಧ ದಿನ ಪರಿಚಯಕ್ಕೇ ಹೋಗುತ್ತದೆ. ಹೋಗಲಿ ಬಿಡಿ, ಅದೂ ಬೇಕಾದದ್ದೇ.

ನಮ್ಮ ಯುವ ಸಂಘಗಳ ದೊಡ್ಡ ತಾಪತ್ರಯ ಇರುವುದು ಬಿಟ್ಟು ಹೋಗುವವರಲ್ಲಿ. ಡಿಗ್ರಿ ಮುಗಿದ ಕೂಡಲೇ ಗೋವಾ, ಮಂಗಳೂರು, ಬೆಂಗಳೂರು. ಪಾಸ್‌ಪೋರ್ಟ್ ಆದವರಿಗೆ ಗಲ್ಫ್ ಇಲ್ಲವೇ ಹಡಗು. ಒಬ್ಬ ಆನಿಮೇಟರ್ ಎರಡು ವರ್ಷ ಉಳಿದರೆ ಹೆಚ್ಚು. ಆದ್ದರಿಂದ ಪ್ರತಿ ಬೇಸಿಗೆಯಲ್ಲೂ ಹೊಸಬರು ಬರುತ್ತಾರೆ, ಅದೇ ಶಿಬಿರ ಮತ್ತೆ ಒಂದರಿಂದ ಶುರುವಾಗುತ್ತದೆ. ಆ್ಯಕ್ಷನ್ ಸಾಂಗ್, ಸಭಾಕಂಪನ ಬಿಡಿಸುವ ಆಟ, ನಾಯಕರಲ್ಲಿ ಎಷ್ಟು ವಿಧ, ನಿಮ್ಮ ಬಲ ಮತ್ತು ದೌರ್ಬಲ್ಯಗಳ ಪಟ್ಟಿ, ಕ್ಯಾಂಪ್‌ಫೈರ್, ಗ್ರೂಪ್ ಫೋಟೊ. ಕೊನೆಯ ದಿನ ಊಟಕ್ಕೆ ಮುಂಚೆ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ ಮೇಲೆ ಒಂದು ತಾಸು. ಶಿಬಿರವನ್ನು ಹಳಿಯುತ್ತಿಲ್ಲ. ಜನರ ಮುಂದೆ ನಿಂತು ಎರಡು ಮಾತಾಡಲು ಹೆದರುತ್ತಿದ್ದ ಹುಡುಗಿಯರು ಅಲ್ಲಿಂದ ಬಂದು ಮೈಕ್ ಹಿಡಿದದ್ದನ್ನು ಕಣ್ಣಾರೆ ಕಂಡವನು ನಾನು. ಕಾರ್ಯಕ್ರಮ ನಡೆಸುವುದು ಹೇಗೆಂದು ಶಿಬಿರ ಕಲಿಸುತ್ತದೆ, ಚೆನ್ನಾಗಿಯೇ ಕಲಿಸುತ್ತದೆ.

ನಮ್ಮ ಆನಿಮೇಟರ್‌ಗೆ ಆಗ 24 ವರ್ಷ. ಬಿ.ಕಾಂ. ಮುಗಿಸಿ ಒಂದು ಸಹಕಾರಿ ಸಂಘದ ಪಿಗ್ಮಿ ಸಂಗ್ರಹ ಮಾಡುತ್ತಿದ್ದಳು. ಬೆಳಿಗ್ಗೆ ಪೇಟೆಯ ಅಂಗಡಿ ಸಾಲು, ಸಂಜೆ ಮೀನು ಮಾರ್ಕೆಟ್ಟು ಮತ್ತು ಮನೆಗಳು. ಪಿಗ್ಮಿಯವರಿಗೆ ಊರಿನ ನಾಡಿ ಗೊತ್ತಿರುತ್ತದೆ: ಯಾರ ಮನೆಯಲ್ಲಿ ದಿನಕ್ಕೆ ನೂರು ಹೋಗಿ ಐವತ್ತಾಯಿತು, ಯಾರು ಕದದ ಹಿಂದೆ ನಿಂತು ‘ನಾಳೆ ಬಾ’ ಅನ್ನುತ್ತಾರೆ. ಶಿಬಿರದಿಂದ ಬಂದ ಮೇಲೆ ಆಗಸ್ಟ್ 15ರ ಕಾರ್ಯಕ್ರಮ, ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ (ಮೇರಿ ಮಾತೆಯ ಹುಟ್ಟುಹಬ್ಬ) ಮಕ್ಕಳ ಹೂವಿನ ಮೆರವಣಿಗೆ, ಚರ್ಚಿನ ವಾರ್ಷಿಕ ಹಬ್ಬವಾದ ಫೆಸ್ತಿಗೆ ಒಂದು ಕಿರುನಾಟಕ, ಎಲ್ಲವನ್ನೂ ಮಾಡಿಸಿದಳು. ಚರ್ಚಿನ ಆಡಳಿತಕ್ಕೆ ಸಲಹೆ ಕೊಡುವ ಪಾಲನಾ ಮಂಡಳಿಯ ಹಿರಿಯರಿಗೂ ಖುಷಿ. ‘ಈ ಸಲದ ಹುಡುಗಿ ಚುರುಕು’ ಎಂಬ ಮಾತು ನನ್ನ ಕಿವಿಗೂ ಬಿದ್ದಿತ್ತು.

ಡಬ್ಬಿ ಮತ್ತು ನೋಟ್‌ಬುಕ್

ಕ್ಯಾರಲ್ ಎರಡು ತಂಡದಲ್ಲಿ ಹೋಗುತ್ತಿತ್ತು. ಸಂಜೆ ಏಳಕ್ಕೆ ಗಿಟಾರು, ಡ್ರಮ್ಮು, ಮುಖವಾಡ ಹಾಕಿದ ಸಾಂತಾ. ಮನೆಗೆ ಮೂರು ಹಾಡು, ಒಂದು ಪ್ರಾರ್ಥನೆ, ಕೇಕು, ಕವರು. ಕವರಿನ ಹಣ ಡಬ್ಬಿಗೆ, ಮೊತ್ತ ನೋಟ್‌ಬುಕ್ಕಿಗೆ. ಎರಡನೇ ತಂಡದ ಡಬ್ಬಿ, ನೋಟ್‌ಬುಕ್ ಎರಡೂ ಆ 17ರ ಹುಡುಗನ ಬಳಿಯೇ ಇದ್ದವು. ಅವನ ಅಕ್ಷರ ಚೆಂದ ಎಂಬುದೇ ಕಾರಣ.

ಕ್ರಿಸ್ಮಸ್ ಕಳೆದ ಮೇಲಿನ ಭಾನುವಾರ ಲೆಕ್ಕಕ್ಕೆ ಕೂತರು. ಖಜಾಂಚಿ ಟ್ರಾಲ್ ಬೋಟಿನಲ್ಲಿ ಕೆಲಸ ಮಾಡುವ ಯುವಕ. ನೋಟನ್ನು ಹತ್ತು ಹತ್ತರ ಕಟ್ಟು ಮಾಡಿ, ಬೆರಳು ಒದ್ದೆ ಮಾಡಿಕೊಂಡು ಎರಡೆರಡು ಸಲ ಎಣಿಸುವವನು. ನೋಟ್‌ಬುಕ್ಕಿನ ಮೊತ್ತ, ಡಬ್ಬಿಯ ಮೊತ್ತ ತಾಳೆಯಾದವು. ಆದರೂ ಎರಡನೇ ತಂಡದ ಹಣ ಹಿಂದಿನ ವರ್ಷಕ್ಕಿಂತ ತೀರಾ ಕಡಿಮೆ. ಆನಿಮೇಟರ್ ನೋಟ್‌ಬುಕ್ ಕೈಗೆತ್ತಿಕೊಂಡು ನಡುಹಾಳೆ ಬಿಡಿಸಿದಳು. ಹೊಲಿಗೆಯ ಹತ್ತಿರ ಒಂದು ಹಾಳೆಯ ಅಂಚು ಸಣ್ಣ ಗರಗಸದ ಹಾಗೆ ನಿಂತಿತ್ತು. ಅದರ ಜೋಡಿ ಹಾಳೆ ಈ ಕಡೆ ಸಡಿಲವಾಗಿ ಕೈಗೇ ಬಂತು. ಅವಳು ಏನೂ ಹೇಳದೆ ಪುಸ್ತಕ ಮುಚ್ಚಿದಳು.

ಮುಂದಿನ ನಾಲ್ಕೈದು ದಿನ ಪಿಗ್ಮಿಗೆ ಹೋದ ಮನೆಗಳಲ್ಲೇ ಮಾತಿನ ನಡುವೆ ಕೇಳುತ್ತ ಹೋದಳು: ‘ಈ ಸಲ ನಮ್ಮ ಮಕ್ಕಳು ಬಂದಿದ್ರಲ್ಲ ಬಾಯಿ, ಹಾಡು ಹೆಂಗಿತ್ತು?’ ಕೊಟ್ಟವರು ತಾವಾಗಿಯೇ ಮೊತ್ತ ಹೇಳುತ್ತಾರೆ, ಅದು ನಮ್ಮವರ ಸ್ವಭಾವ. ಹಾಗೆ ಕೂಡಿಸಿಕೊಂಡು ಬಂದದ್ದು 11,400. ಪೊಲೀಸರೂ ಇಷ್ಟು ನಾಜೂಕಾಗಿ ವಿಚಾರಿಸುತ್ತಿರಲಿಲ್ಲ ಅಂತ ನಾನು ಆಮೇಲೆ ಅವಳಿಗೆ ಹೇಳಿದ್ದುಂಟು.

ಅವಳು ಕೇಳುವ ಮೊದಲೇ ಹುಡುಗ ತಾನಾಗಿ ಬಂದ. ಚರ್ಚಿನ ಹಿಂದೆ, ಮೇರಿ ಮಾತೆಯ ಗುಹೆಯಂಥ ಗುಡಿ ಗ್ರೊಟ್ಟೊ ಪಕ್ಕ.

‘ಅಕ್ಕಾ, ನಿಂಗೊಬ್ಳಿಗೇ ಹೇಳ್ತೆ. ಯಾರ ಹತ್ರೂ ಹೇಳೂದಿಲ್ಲ ಅಂತ ಮಾತು ಕೊಡು.’

ಅವಳು ಮಾತು ಕೊಟ್ಟಳು.

ಹತ್ತು ದಿನ

ಆ ಮಾತಿನಿಂದ ಏನೇನಾಯಿತು ಎಂಬುದೇ ಈ ಪ್ರಕರಣದ ತಿರುಳು.

ಖಜಾಂಚಿಗೆ ಸಮಾಧಾನ ಇರಲಿಲ್ಲ. ಎರಡನೇ ತಂಡದಲ್ಲಿ ಇನ್ನೊಬ್ಬ ಹುಡುಗನಿದ್ದ. ತಂದೆ ಇಲ್ಲ, ತಾಯಿ ಮೀನು ಒಣಗಿಸುವ ಕೆಲಸ. ಡಿಸೆಂಬರಿನಲ್ಲೇ ಅವನು ಸೆಕೆಂಡ್‌ಹ್ಯಾಂಡ್ ಬೈಕ್ ತಂದಿದ್ದ. ಅಷ್ಟು ಸಾಕಾಯಿತು. ಯಾರೂ ಬಾಯಿಬಿಟ್ಟು ಕಳ್ಳ ಅನ್ನಲಿಲ್ಲ. ಜನವರಿಯ ಮೊದಲ ಭಾನುವಾರ ಅವನು ಬಂದು ಕೂತ ಬೆಂಚಿನಲ್ಲಿ ಜೊತೆಗೆ ಯಾರೂ ಕೂರಲಿಲ್ಲ ಅಷ್ಟೇ. ಅವನು ನಿರಪರಾಧಿ ಎಂದು ಗೊತ್ತಿದ್ದ ಇಬ್ಬರಲ್ಲಿ ಒಬ್ಬ ಹೆದರಿದ್ದ, ಇನ್ನೊಬ್ಬಳು ಮಾತಿಗೆ ಕಟ್ಟುಬಿದ್ದಿದ್ದಳು.

ಆಕೆ ತನ್ನ ಕಮಿಷನ್ ಹಣದಿಂದ 11,400 ತೆಗೆದು ‘ಒಂದು ಕವರು ಎಣಿಸುವಾಗ ಬಿಟ್ಟುಹೋಗಿತ್ತು’ ಎಂದು ಡಬ್ಬಿಗೆ ಹಾಕುವ ಯೋಚನೆ ಮಾಡಿದಳು. ಹಣ ತೆಗೆದೂ ಇಟ್ಟಿದ್ದಳು. ಹಾಕಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ಹುಡುಗನ ಆಟ ನಿಲ್ಲುತ್ತಿರಲಿಲ್ಲ, ಸಾಲವೂ ತೀರುತ್ತಿರಲಿಲ್ಲ. ಗೆಳೆಯರ ಬಳಿ ಅವನು ಮಾಡಿಕೊಂಡ ಸಾಲ ಬೇರೆಯೇ ಇತ್ತು.

ಜಿಲ್ಲೆಯ ಆನಿಮೇಟರ್‌ಗಳಿಗೆಲ್ಲ ಒಂದು ವಾಟ್ಸ್ಆ್ಯಪ್ ಗುಂಪಿದೆ. ಅಲ್ಲಿ ಹುಟ್ಟುಹಬ್ಬದ ಶುಭಾಶಯ, ದಿನದ ಸಂತರ ಚಿತ್ರ, ಕಾರ್ಯಕ್ರಮಗಳ ಪೋಸ್ಟರ್ ಬರುತ್ತವೆ. ಆಕೆ ಒಂದು ರಾತ್ರಿ ಅಲ್ಲಿ ಪ್ರಶ್ನೆ ಟೈಪ್ ಮಾಡಿ ಅಳಿಸಿದಳಂತೆ. ಕೇಕಿನ ಚಿತ್ರ ಮತ್ತು ‘ಗಾಡ್ ಬ್ಲೆಸ್ ಯು’ ನಡುವೆ ಈ ಪ್ರಶ್ನೆ ಹಾಕುವುದು ಹೇಗೆ? ಕೊನೆಗೆ ಜನವರಿ ನಡುವಿನಲ್ಲಿ ನನಗೆ ಫೋನ್ ಮಾಡಿದಳು. ಹುಡುಗನ ಸುದ್ದಿ ಎತ್ತಲಿಲ್ಲ. ಕೇಳಿದ್ದು ಇಷ್ಟೇ:

‘ಸರ್, ಪಾಪನಿವೇದನೆಯ ಗುಟ್ಟು ಅಂತದೆಯಲ್ಲ, ಅದು ನಮಗೂ ಲಾಗೂ ಆಗ್ತದಾ?’

ಶಿಬಿರದ ಮೂರು ದಿನದಲ್ಲಿ ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ, ಕೇಳುವ ಸಂದರ್ಭವೂ ಇರಲಿಲ್ಲ. ಉತ್ತರ ಸ್ಪಷ್ಟವಿದೆ. 1983ರ ಕ್ಯಾನನ್ ಕಾನೂನಿನ 983ನೇ ವಿಧಿ ಹೇಳುವ ಗುಟ್ಟು ಪಾಪನಿವೇದನೆಯ ಸಂಸ್ಕಾರಕ್ಕೆ ಸಂಬಂಧಿಸಿದ್ದು. ಆಲಿಸುವ ಗುರು ಅದನ್ನು ಯಾವ ಕಾರಣಕ್ಕೂ ಮೀರುವ ಹಾಗಿಲ್ಲ. ಗ್ರೊಟ್ಟೊ ಪಕ್ಕ ಒಬ್ಬ ಹುಡುಗ ಅಕ್ಕನಿಗೆ ಹೇಳಿದ್ದು ಅದರೊಳಗೆ ಬರುವುದಿಲ್ಲ. ಹಾಗೆಂದು ಊರಿಡೀ ಸಾರುವ ವಿಷಯವೂ ಅಲ್ಲ. 18 ತುಂಬದವರ ವಿಷಯದಲ್ಲಿ ಆನಿಮೇಟರ್ ಕೊಡಬಹುದಾದ ಮಾತು ಒಂದೇ: ‘ಬೇಡದವರಿಗೆ ಹೇಳುವುದಿಲ್ಲ. ನಿನಗೆ ಅಪಾಯ ಇದ್ದರೆ, ಬೇರೆಯವರಿಗೆ ಅನ್ಯಾಯ ಆಗುತ್ತಿದ್ದರೆ, ಹೇಳಬೇಕಾದ ಒಬ್ಬಿಬ್ಬರಿಗೆ ನಿನಗೆ ತಿಳಿಸಿಯೇ ಹೇಳುತ್ತೇನೆ.’ ಲೈಂಗಿಕ ದೌರ್ಜನ್ಯದ ಸುಳಿವಿದ್ದರಂತೂ ಆಯ್ಕೆಯ ಪ್ರಶ್ನೆಯೇ ಇಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ವರದಿ ಮಾಡಲೇಬೇಕು. ಇಲ್ಲಿ ಅಂಥದ್ದು ಇರಲಿಲ್ಲ. ಆದರೆ ಯಾವುದು ಆ ಗೆರೆಯ ಆಚೆ, ಯಾವುದು ಈಚೆ ಎಂಬುದು ಪ್ರತಿ ಆನಿಮೇಟರ್‌ಗೂ ತಿಳಿದಿರಬೇಕು. ಊಟದ ಗಂಟೆ ಹೊಡೆಯುವ ಮುಂಚಿನ ಒಂದು ತಾಸಿನಲ್ಲಿ ಅದು ತಲೆಗೆ ಇಳಿಯುವುದಿಲ್ಲ.

ಮಾತು ಹಿಂತೆಗೆದುಕೊಂಡದ್ದು

ನಮ್ಮಿಬ್ಬರ ಮಾತಿನಲ್ಲಿ ಗೊತ್ತಾದ ದಾರಿ ಹೀಗಿತ್ತು. ಹುಡುಗನ ಬಳಿ ಮತ್ತೆ ಹೋಗಿ, ಕೊಟ್ಟ ಮಾತನ್ನು ಹಾಗೆಯೇ ಉಳಿಸಿಕೊಳ್ಳಲು ಆಗುವುದಿಲ್ಲವೆಂದು ನೇರ ಹೇಳುವುದು. ಕಾರಣವನ್ನೂ ಹೇಳುವುದು: ಇನ್ನೊಬ್ಬನ ಹೆಸರು ಕೆಡುತ್ತಿದೆ. ಫಾದರ್ ಮತ್ತು ಅವನ ತಾಯಿಗೆ ಅವನೇ ಬಾಯಾರೆ ಹೇಳಲಿ, ಆಕೆ ಪಕ್ಕದಲ್ಲಿ ಇರಲಿ. ಭಾನುವಾರದವರೆಗೆ ಸಮಯ. ಜೊತೆಗೆ ಒಂದು ಪ್ರಶ್ನೆ ಬಿಡದೆ ಕೇಳಬೇಕೆಂದೂ ಹೇಳಿದೆ. ಜೂಜಿನ ಸಾಲಕ್ಕೆ ಸಿಕ್ಕ ಹುಡುಗರನ್ನು ‘ಸಾಯುವ ಯೋಚನೆ ಬಂದಿತ್ತಾ’ ಎಂದು ಕೇಳಲೇಬೇಕು. ಕೇಳಿದರೆ ಆ ಯೋಚನೆಯನ್ನು ನಾವೇ ಹುಟ್ಟಿಸಿದಂತಾಗುತ್ತದೆ ಎಂಬ ಭಯ ಎಲ್ಲರಿಗೂ ಇದೆ. ಹಾಗಾಗುವುದಿಲ್ಲ.

ಕೇಳಿದಳು. ಹುಡುಗ ತಲೆ ಎತ್ತದೆ, ‘ಮುಂಚೆ ಬಂದಿತ್ತು, ಈಗ ಇಲ್ಲ’ ಅಂದ.

ಭಾನುವಾರದವರೆಗೆ ಕಾಯುವ ಮಾತು ಅಲ್ಲಿಗೇ ಮುಗಿಯಿತು. ಅದೇ ಸಂಜೆ ಅವನ ಜೊತೆ ಮನೆಗೆ ಹೋದಳು. ತಾಯಿಗೆ ಮೊದಲು ಸಿಟ್ಟು, ಆಮೇಲೆ ಅಳು. ನವೆಂಬರಿನಲ್ಲೇ ಪಿಗ್ಮಿ ನಿಲ್ಲಿಸಿದ್ದೇಕೆ ಎಂಬುದು ಆನಿಮೇಟರ್‌ಗೆ ಅಲ್ಲಿ ತಿಳಿಯಿತು: ಮಗ ಕಾಲೇಜಿನ ಫೀಸು ಎಂದು ಮನೆಯಿಂದಲೂ ತೆಗೆದುಕೊಂಡಿದ್ದ. ಕೇಂದ್ರ ಸರ್ಕಾರದ ಟೆಲಿ–ಮನಸ್ ಸಹಾಯವಾಣಿ 14416ಕ್ಕೆ ಅಲ್ಲಿಂದಲೇ ಫೋನ್ ಮಾಡಿದರು. 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಉಚಿತ ಸೇವೆ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್‌ನೆಟ್ ಚಟಕ್ಕೆಂದೇ 2014ರಿಂದ ‘ಶಟ್’ ಕ್ಲಿನಿಕ್ ಇದೆ ಎಂಬುದನ್ನೂ ತಾಯಿಗೆ ತಿಳಿಸಿದೆವು. ಹೊನ್ನಾವರದಿಂದ ಬೆಂಗಳೂರಿಗೆ ಯಾರು ಕರೆದುಕೊಂಡು ಹೋಗುತ್ತಾರೆ? ಅದು ಮಾತಿನಲ್ಲೇ ಉಳಿಯಿತು.

ಫಾದರ್ ಆ ಊರಿನಲ್ಲಿ ಆರು ವರ್ಷ ಇದ್ದ ಹಿರಿಯರು. ಎಲ್ಲ ಕೇಳಿ, ಕಮಿಟಿಯನ್ನು ಕರೆಸಿ, ಹುಡುಗನ ಹೆಸರು ಹೇಳದೆ, ಹಣ ಎಲ್ಲಿ ಹೋಗಿದೆಯೆಂದು ತನಗೆ ಗೊತ್ತಿದೆ, ವಾಪಸು ಬರುತ್ತದೆ ಎಂದರು. ಅನುಮಾನಕ್ಕೆ ಸಿಕ್ಕಿದ್ದವನ ಹೆಸರನ್ನು ಮಾತ್ರ ಎತ್ತಿಯೇ ಹೇಳಿದರು: ಅವನಿಗೂ ಇದಕ್ಕೂ ಸಂಬಂಧವಿಲ್ಲ. ಕೆಲವರಿಗೆ ಇದು ಉಲ್ಟಾ ಕಂಡಿತು. ತಪ್ಪು ಮಾಡಿದವನ ಹೆಸರು ಮುಚ್ಚಿಟ್ಟು, ಮಾಡದವನ ಹೆಸರು ಎತ್ತುವುದೇ? ನನ್ನ ಅಭಿಪ್ರಾಯದಲ್ಲಿ ಫಾದರ್ ಮಾಡಿದ್ದೇ ಸರಿ. ಕೆಟ್ಟದ್ದು ಅವನ ಹೆಸರು; ಹೆಸರು ಹೇಳದೆ ಅದನ್ನು ತೊಳೆಯುವುದು ಹೇಗೆ?

ಆದರೂ ಬೈಕಿನ ಆ ಹುಡುಗ ಸಂಘಕ್ಕೆ ಮತ್ತೆ ಬರಲಿಲ್ಲ. ಭಾನುವಾರ ಪಕ್ಕದ ಊರಿನ ಚರ್ಚಿಗೆ ಹೋಗುತ್ತಾನೆ.

ಖಜಾಂಚಿಯೂ ಸಂಘ ಬಿಟ್ಟ. ‘ಕದ್ದವನಿಗೆ ಕೌನ್ಸೆಲಿಂಗು, ಲೆಕ್ಕ ಇಟ್ಟವನಿಗೆ ಎಂತದೂ ಇಲ್ಲ’ ಎಂದನಂತೆ. ಈ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಮೂರು ವಾರ ಅವನ ಮೇಲೂ ಊರಿನ ಕಣ್ಣಿತ್ತು. ಖಜಾಂಚಿ ಎಂದರೆ ಕೊನೆಗೆ ಕೈ ತೋರಿಸುವುದು ಅವನಿಗೇ. ಬೋಟಿನಿಂದ ಬೆಳಗಿನ ಜಾವ ಬಂದು, ನಿದ್ದೆ ಬಿಟ್ಟು ಲೆಕ್ಕಕ್ಕೆ ಕೂತವನನ್ನು ‘ನಿನಗೆ ಹೇಗಿದೆ ಮಾರಾಯ’ ಎಂದು ಯಾರಾದರೂ ಕೇಳಿದ್ದರೆ ಅವನು ಉಳಿಯುತ್ತಿದ್ದನೋ ಏನೋ.

ತಿಂಗಳಿಗೊಂದು ಪುಟ

2018ರ ಅಕ್ಟೋಬರಿನಲ್ಲಿ ರೋಮ್‌ನಲ್ಲಿ ಯುವಜನರ ಬಗ್ಗೆ ಧರ್ಮಾಧ್ಯಕ್ಷರ (ಬಿಷಪ್ಪರ) ಮಹಾಸಭೆ ಸಿನೊಡ್ ನಡೆಯಿತು. ಅದರ ಬೆನ್ನಿಗೆ 2019ರ ಮಾರ್ಚ್ 25ರಂದು ಪೋಪ್ ಫ್ರಾನ್ಸಿಸ್ ‘ಕ್ರಿಸ್ತುಸ್ ವೀವಿತ್’ ಪತ್ರಕ್ಕೆ ಸಹಿ ಹಾಕಿದರು. ಅದರ 246ನೇ ಪರಿಚ್ಛೇದ ನಮ್ಮ ಕೆಲಸಕ್ಕೆ ನೇರ ತಾಗುತ್ತದೆ. ಯುವಜನರಿಗೆ ಜೊತೆಯಾಗುವವರು ಅವರನ್ನು ತಮ್ಮ ಹಿಂದೆ ಎಳೆದುಕೊಂಡು ಹೋಗಬಾರದು, ಪಕ್ಕದಲ್ಲಿ ನಡೆಯಬೇಕು; ಈ ಕೆಲಸ ಗುರುಗಳು ಮತ್ತು ಸಿಸ್ಟರ್‌ಗಳಿಗಷ್ಟೇ ಸೇರಿದ್ದಲ್ಲ, ಸಾಮಾನ್ಯ ವಿಶ್ವಾಸಿಗಳಿಗೂ ಸೇರಿದ್ದು; ಹೀಗೆ ಜೊತೆಯಾಗುವವರಿಗೆ ಒಳ್ಳೆಯ ತರಬೇತಿ ಬೇಕು, ಅದು ನಿಲ್ಲದೆ ನಡೆಯುತ್ತಿರಬೇಕು ಎನ್ನುತ್ತದೆ. ಈ ಪರಿಚ್ಛೇದವನ್ನು ನಮ್ಮ ಶಿಬಿರಗಳಲ್ಲಿ ಓದುತ್ತೇವೆ, ಓದಿ ಶಿಬಿರ ಮುಗಿಸುತ್ತೇವೆ.

ಈಸ್ಟರಿಗೆ ಮುಂಚಿನ ಉಪವಾಸ-ಪ್ರಾರ್ಥನೆಯ ತಪಸ್ಸು ಕಾಲ 2025ರಲ್ಲಿ ಮಾರ್ಚ್ 5ಕ್ಕೆ ಶುರುವಾಯಿತು. ಅದೇ ತಿಂಗಳಿಂದ ಸುತ್ತಲಿನ ಕೆಲವು ಚರ್ಚುಗಳ ಆನಿಮೇಟರ್‌ಗಳು ತಿಂಗಳಿಗೊಮ್ಮೆ ಭಾನುವಾರ ಮಧ್ಯಾಹ್ನ ಎರಡು ತಾಸು ಕೂರತೊಡಗಿದರು. ಒಂದೊಂದು ಸಲ ಒಂದೊಂದು ಚರ್ಚಿನ ಹಾಲ್. ಭಾಷಣ ಇಲ್ಲ, ಫೋಟೊ ಇಲ್ಲ. ಒಬ್ಬರು ತಮ್ಮ ಸಂಘದಲ್ಲಿ ನಡೆದ ಒಂದು ಘಟನೆಯನ್ನು ಹೆಸರಿಲ್ಲದೆ ಒಂದು ಪುಟ ಬರೆದು ತರುತ್ತಾರೆ, ಓದುತ್ತಾರೆ. ಉಳಿದವರು ಮೊದಲು ಪ್ರಶ್ನೆ ಮಾತ್ರ ಕೇಳಬೇಕು; ‘ನಾನಾಗಿದ್ರೆ...’ ಎಂದು ಶುರು ಮಾಡುವ ಹಾಗಿಲ್ಲ. ಆಮೇಲೆ ಸುವಾರ್ತೆಯ ಒಂದು ಭಾಗ. ಕೊನೆಗೆ ಪುಟ ತಂದವರು ಮುಂದಿನ ತಿಂಗಳೊಳಗೆ ಮಾಡುವ ಒಂದೇ ಒಂದು ಕೆಲಸ ಹೇಳುತ್ತಾರೆ, ಮುಂದಿನ ಭೇಟಿ ಶುರುವಾಗುವುದು ಆ ಕೆಲಸ ಏನಾಯಿತು ಎಂಬುದರಿಂದ.

ಪದ್ಧತಿ ನಮ್ಮದಲ್ಲ. ಬೆಲ್ಜಿಯಂನ ಗುರು ಜೋಸೆಫ್ ಕಾರ್ಡೈನ್ 1925ರಲ್ಲಿ ಕಾರ್ಖಾನೆಯ ಹುಡುಗ ಹುಡುಗಿಯರಿಗಾಗಿ ಕಟ್ಟಿದ ಯುವ ಕಾರ್ಮಿಕರ ಸಂಘಟನೆಯಲ್ಲಿ ಇದೇ ನಡೆಯುತ್ತಿತ್ತು: ನೋಡು, ತೂಗಿ ನೋಡು, ಮಾಡು. 1961ರಲ್ಲಿ ಪೋಪ್ 23ನೇ ಜಾನ್ ತಮ್ಮ ವಿಶ್ವಪತ್ರದಲ್ಲಿ ಈ ಮೂರು ಹೆಜ್ಜೆಗಳನ್ನು ಒಪ್ಪಿ ಶಿಫಾರಸು ಮಾಡಿದರು. ನಮ್ಮ ಕಾಲೇಜುಗಳಲ್ಲಿ ವೈಸಿಎಸ್ (ಕ್ರೈಸ್ತ ವಿದ್ಯಾರ್ಥಿಗಳ ಸಂಘಟನೆ) ಮಾಡಿದವರಿಗೆ ಇದು ಹಳೆಯ ಪರಿಚಯ. ಕಾರ್ಡೈನ್ ಹುಡುಗರನ್ನು ಕೇಳುತ್ತಿದ್ದದ್ದು ಅವರ ದಿನದ ಕೆಲಸದ ಬಗ್ಗೆ. ನಾವು ಅದನ್ನೇ ಆನಿಮೇಟರ್‌ಗಳ ಕೆಲಸಕ್ಕೆ ಹಿಡಿದೆವು.

ಮೊದಲ ಪುಟ ಆಕೆಯದೇ. ಫಾದರ್ ಮತ್ತು ಹುಡುಗನ ತಾಯಿಯ ಒಪ್ಪಿಗೆ ಪಡೆದು, ಊರಿನ ಗುರುತು ಅಳಿಸಿ ಬರೆದಿದ್ದಳು. ಓದುವಾಗ ಎರಡು ಸಲ ನಿಂತಳು. ಒಳ್ಳೆಯ ಪ್ರಶ್ನೆಗಳು ನನ್ನಿಂದಲ್ಲ, ಅವರಿಂದಲೇ ಬಂದವು. ಬಂದರಿನಲ್ಲಿ ಕೆಲಸ ಮಾಡುವ ಒಬ್ಬ ಕೇಳಿದ: ‘ಡಬ್ಬಿ, ಪುಸ್ತಕ ಎರಡೂ ಒಬ್ನ ಕೈಯಾಗೆ ಎಂತಕ್ಕೆ ಇತ್ತು? ನಮ್ಮ ಬೋಟಿನಾಗೆ ಮೀನು ತೂಗವ ಬೇರೆ, ಬರಿಯವ ಬೇರೆ.’ ಶಿರಾಲಿ ಕಡೆಯ ಹುಡುಗಿ ಕೇಳಿದಳು: ‘ನಿಂಗೆ ಹೇಳೂಕ್ಕಿಂತ ಮುಂಚೆ ಅಂವ ಯಾರಿಗೆ ಹೇಳೂಕೆ ನೋಡಿದ್ದ?’ ಆಕೆಗೆ ಗೊತ್ತಿರಲಿಲ್ಲ. ಹುಡುಗನನ್ನು ಕೇಳಿ ಬರುವುದೇ ಅವಳ ಆ ತಿಂಗಳ ಕೆಲಸವಾಯಿತು. ಉತ್ತರ ಸಿಕ್ಕಿತು: ಮೊದಲು ಧರ್ಮೋಪದೇಶದ ಟೀಚರ್ ಹತ್ತಿರ ಹೋಗಿದ್ದ, ಅವರು ಫೆಸ್ತಿನ ಗಡಿಬಿಡಿಯಲ್ಲಿದ್ದರು; ಆಮೇಲೆ ಖಜಾಂಚಿಯ ಹತ್ತಿರ ಹೋಗಿ ಸುಮ್ಮನೆ ವಾಪಸು ಬಂದಿದ್ದ.

ಎಲ್ಲ ತಿಂಗಳೂ ಹೀಗೆ ಸಾಗಲಿಲ್ಲ. ಮೇ ತಿಂಗಳ ಮದುವೆ ಸೀಸನ್ನಿನಲ್ಲಿ ಹಾಲ್‌ನಲ್ಲಿ ಕುರ್ಚಿಗಳೇ ಜಾಸ್ತಿ. ಇನ್ನೊಂದು ಸಲ ಒಬ್ಬರು ಓದಿದ ಪುಟ ಯಾರ ಮನೆಯದೆಂದು ಎಲ್ಲರಿಗೂ ಮೂರನೇ ಸಾಲಿಗೇ ತಿಳಿದುಹೋಗಿ, ಭೇಟಿ ಹರಟೆಯಾಯಿತು. ನಮ್ಮ ಊರುಗಳು ಅಷ್ಟು ಸಣ್ಣವು. ಅಂದಿನಿಂದ ಪುಟವನ್ನು ಮೊದಲು ಸಮಾಜಕಾರ್ಯ ಓದಿದ ಒಬ್ಬ ಸಿಸ್ಟರ್ ನೋಡಿ, ಗುರುತು ಹತ್ತುವುದನ್ನು ಗೀಚಿ ಕೊಡುತ್ತಾರೆ.

ಯಾರು ಬರುತ್ತಾರೆ, ಯಾವಾಗ ಬರುತ್ತಾರೆ

ಮೇ ತಿಂಗಳ ಶಿಬಿರಕ್ಕೆ ಬೋಟಿನ ಹುಡುಗರು ಬರುವುದಿಲ್ಲವೆಂದು ವರ್ಷಗಟ್ಟಲೆ ಗೊಣಗಿದ್ದೇವೆ. ಮೇ ಅಂದರೆ ಮೀನುಗಾರಿಕೆ ಬಂದಾಗುವ ಮುಂಚಿನ ಕೊನೆಯ ದುಡಿಮೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟು ಕಡಲಿಗಿಳಿಯುವ ಹಾಗಿಲ್ಲ. ಕಾಲೇಜಿನ ರಜೆ ನೋಡಿ ಶಿಬಿರ ಇಟ್ಟದ್ದರಿಂದ ಕಾಲೇಜಿನವರೇ ಆನಿಮೇಟರ್ ಆದರು, ಕಾಲೇಜು ಮುಗಿದ ಕೂಡಲೇ ಊರು ಬಿಡುವವರೂ ಅವರೇ. ಊರಲ್ಲೇ ಉಳಿಯುವವರು ತರಬೇತಿಯ ಹೊರಗೆ ಉಳಿದರು. 2025ರಲ್ಲಿ ಜುಲೈಗೆ ಒಂದು ದಿನದ ತರಬೇತಿ ಇಟ್ಟೆವು. ಹಾಲಿನ ಹೆಂಚಿನ ಮೇಲೆ ಮಳೆ ಹೊಡೆದು ಮೈಕ್ ಕೇಳುತ್ತಿರಲಿಲ್ಲ, ಬೋಟಿನವರು ಬಂದಿದ್ದರು.

ಘಟ್ಟದ ಮೇಲಿನವರನ್ನು ಜುಲೈಯಲ್ಲಿ ಕೆಳಗೆ ಕರೆಯುವುದು ಮಾತ್ರ ಹುಚ್ಚುತನ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಕುಸಿದು ಜನ ಸತ್ತದ್ದನ್ನು ಯಾರೂ ಮರೆತಿಲ್ಲ. ಶಿರಸಿ–ಯಲ್ಲಾಪುರ–ಹಳಿಯಾಳದವರದು ಬೇರೆ ಗುಂಪಾಯಿತು. ಅಲ್ಲಿನ ಚಿಂತೆ ಬೇರೆ: ಸಿದ್ದಿ ಹುಡುಗರು ಕೆಲಸಕ್ಕೆ ಗೋವಾಕ್ಕೆ ಹೋಗಿ ಹಬ್ಬಕ್ಕಷ್ಟೇ ಬರುತ್ತಾರೆ. ಪುಟ ಬರೆಯುವುದಕ್ಕಿಂತ ಬಾಯಲ್ಲಿ ಹೇಳುವುದು ಅವರಿಗೆ ಸಲೀಸು, ಹಾಗಾಗಿ ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಆ ಗುಂಪಿನ ಕಥೆಯನ್ನು ಅಲ್ಲಿಯವರೇ ಬರೆದರೆ ಚೆನ್ನ.

ಬಸ್ಸಿನ ವಿಷಯ ಒಂದು ತಮಾಷೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಆಧಾರ್ ಕಾರ್ಡ್ ತೋರಿಸಿ ಹುಡುಗಿಯರು ಭಟ್ಕಳದಿಂದಲೂ ಬರುತ್ತಾರೆ. ಹುಡುಗರು ‘ಚಾರ್ಜಿಗೆ ದುಡ್ಡಿಲ್ಲ ಸರ್’ ಎಂದು ಮನೆಯಲ್ಲಿರುತ್ತಾರೆ. ಹುಡುಗಿಯರಿಗೆ ಮನೆಯವರ ಷರತ್ತು ಕತ್ತಲಾಗುವ ಮುಂಚೆ ವಾಪಸು ಬರಬೇಕೆಂಬುದು, ಆದ್ದರಿಂದ ಐದು ಗಂಟೆಗೆ ಯಾವ ಚರ್ಚೆ ಎಲ್ಲಿಗೇ ಬಂದಿರಲಿ, ಮುಗಿಸುತ್ತೇವೆ.

ಈಗಿನ ಸ್ಥಿತಿ

ಹುಡುಗ ಪಿಯುಸಿ ಪಾಸಾದ. ಬೋಟು ಬಂದಾಗಿದ್ದ ಎರಡು ತಿಂಗಳು ಮಾವನ ಜೊತೆ ಬಲೆ ಹೊಲಿಯುವ ಕೆಲಸ ಮಾಡಿ ಒಂದಿಷ್ಟು ಹಣ ತಂದು ಫಾದರ್ ಕೈಗೆ ಕೊಟ್ಟ. ಇನ್ನೂ ಪೂರ್ತಿ ಆಗಿಲ್ಲ. ಸಂಘದ ಸಭೆಗೆ ಬರುವುದಿಲ್ಲ, ಕ್ರಿಸ್ಮಸ್ಸಿನ ಗೋದಲಿ ಕಟ್ಟಲು ಬರುತ್ತಾನೆ. 2025ರ ಆಗಸ್ಟಿನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಸಂಸತ್ತಿನಲ್ಲಿ ಪಾಸಾಯಿತು. ಆಟ ನಿಂತಿದೆಯಾ ಎಂದು ಕೇಳಿದರೆ ಹುಡುಗರು ನಗುತ್ತಾರೆ. ಆ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ಕಾರ್ಲೊ ಅಕೂತಿಸ್‌ನ ಚಿತ್ರ ಈಗ ಹಾಲ್‌ನ ಗೋಡೆಯಲ್ಲಿದೆ; ಜೀನ್ಸ್ ಹಾಕಿದ, ಕಂಪ್ಯೂಟರ್ ಬಲ್ಲ, 15ಕ್ಕೇ ತೀರಿಕೊಂಡ ಹುಡುಗ. ಚಿತ್ರ ಹಚ್ಚಿದ್ದು ಒಳ್ಳೆಯದೇ. ಮೊಬೈಲಿನ ಬಗ್ಗೆ ಮಾತಾಡುವ ಕೆಲಸ ಅದರಿಂದ ಮುಗಿಯಿತು ಎಂದುಕೊಂಡವರೂ ಇದ್ದಾರೆ.

ಖಜಾಂಚಿ ಸಂಘಕ್ಕೆ ಮರಳಲಿಲ್ಲ. ಜುಲೈ ತರಬೇತಿಗೆ ಮಾತ್ರ, ಲೆಕ್ಕ ಇಡುವುದನ್ನು ಒಂದು ತಾಸು ಹೇಳಿಕೊಡು ಎಂದು ಕರೆದಾಗ ಬಂದ. ಹಣ ಎಣಿಸುವವರು ಇಬ್ಬರು, ಬರೆಯುವವರು ಮೂರನೆಯವರು, ಪುಟಕ್ಕೆ ನಂಬರು, ಅದೇ ರಾತ್ರಿ ಮೊತ್ತದ ಫೋಟೊ ಫಾದರ್‌ಗೆ. ನಾಲ್ಕು ಮಾತಿನಲ್ಲಿ ಮುಗಿಸಿ, ಊಟಕ್ಕೆ ನಿಲ್ಲದೆ ಹೋದ.

ಆನಿಮೇಟರ್‌ಗೆ ಮದುವೆಯಾಗಿ ಮಡಗಾಂವಿಗೆ ಹೋದಳು. ಹೋಗುವ ಮೊದಲು ಮೂರು ತಿಂಗಳು ಇಬ್ಬರನ್ನು ಜೊತೆಗಿಟ್ಟುಕೊಂಡಿದ್ದಳು: ಒಬ್ಬಳು ಡಿಗ್ರಿ ಓದುವವಳು, ಇನ್ನೊಬ್ಬ ಬೋಟಿನವನು. ಆ ಸಂಘದಲ್ಲಿ ಬೋಟಿನವನೊಬ್ಬ ಆನಿಮೇಟರ್ ಆದದ್ದು ನಾನು ಕಂಡಂತೆ ಇದೇ ಮೊದಲು. ಡಿಗ್ರಿಯವಳು ಹೊರಟರೂ ಅವನು ಊರಲ್ಲಿರುತ್ತಾನೆ ಎಂಬುದು ನಮ್ಮ ಲೆಕ್ಕ.

ಫಾದರ್‌ಗೆ 2025ರ ಜೂನಿನಲ್ಲಿ ವರ್ಗವಾಯಿತು. ಹೊಸದಾಗಿ ಬಂದವರು ಉತ್ಸಾಹಿ, ಲೆಕ್ಕಾಚಾರದ ಮನುಷ್ಯ. ತಿಂಗಳ ಭೇಟಿಯ ವಿಷಯ ಹೇಳಿದಾಗ ‘ಇದರಿಂದ ಆದದ್ದೇನು? ಫೋಟೊ, ವರದಿ ಏನಾದರೂ ಇದೆಯೇ?’ ಎಂದು ಕೇಳಿದರು. ಪಾಲನಾ ಮಂಡಳಿಗೆ ತೋರಿಸಲು ಏನಾದರೂ ಬೇಕಲ್ಲ ಎಂಬುದು ಅವರ ಕಷ್ಟ, ಅದು ನ್ಯಾಯವೇ. ಶಿಬಿರವಾದರೆ ಬ್ಯಾನರ್ ಇರುತ್ತದೆ. ನಮ್ಮಲ್ಲಿ ಇದ್ದದ್ದು ಗೀಚಿದ ಪುಟಗಳು, ಅವನ್ನು ತೋರಿಸುವ ಹಾಗಿಲ್ಲ. ಕೊನೆಗೆ ಹೊಸ ಆನಿಮೇಟರ್‌ಗಳಿಬ್ಬರೂ ಕೂತು, ಘಟನೆಗಳನ್ನು ಬಿಟ್ಟು, ಸಂಘದಲ್ಲಿ ಬದಲಾದ ಕ್ರಮಗಳನ್ನಷ್ಟೇ ಬರೆದು ಕೊಟ್ಟರು: ಲೆಕ್ಕ ಇಡುವ ರೀತಿ, 18ರೊಳಗಿನವರ ಜೊತೆ ಮಾತಾಡುವಾಗ ಮೊದಲೇ ಹೇಳಬೇಕಾದ ಮಾತು, ಸಹಾಯವಾಣಿಯ ನಂಬರು ಹಾಲ್‌ನ ಬಾಗಿಲಿಗೆ ಅಂಟಿಸಿದ್ದು, ಜುಲೈ ತರಬೇತಿ. ಫಾದರ್ ಓದಿ, ಹುಡುಗರ ಬಸ್ ಚಾರ್ಜನ್ನು ಮುಂದಿನ ಮಾರ್ಚ್‌ವರೆಗೆ ಚರ್ಚಿನಿಂದಲೇ ಕೊಡಲು ಒಪ್ಪಿದರು. ಅದರ ನಂತರ ಏನು ಎಂಬುದನ್ನು ಮಂಡಳಿಯ ಮುಂದೆ ಇಡುತ್ತಾರಂತೆ.